32 ಸಲ ಅಗಿಯಿರಿ, 30 ನಿಮಿಷಕ್ಕೆ ವಾಪಸ್ ಬನ್ನಿ

ಕಾರ್ಖಾನೆ ಕ್ಯಾಂಟೀನಿನ ಗೋಡೆಗೆ ಹೊಸ ಪೋಸ್ಟರ್ ಬಂದಿದೆ. ‘ಪ್ರತಿ ತುತ್ತನ್ನೂ 32 ಸಲ ಅಗಿಯಿರಿ.’ ಪಕ್ಕದಲ್ಲೇ ಹಳೆ ಬೋರ್ಡು: ‘ಊಟದ ವಿರಾಮ 30 ನಿಮಿಷ. ತಡವಾದರೆ ಸಂಬಳ ಕಟ್.’ ಎರಡನ್ನೂ ಬರೆಸಿದ್ದು ಒಂದೇ ಆಫೀಸು.

ಸುಮ್ನೆ ಲೆಕ್ಕ ಹಾಕಿ ನೋಡಿದೆ. ಒಂದು ಸಲ ಅಗಿಯೋಕೆ ಒಂದು ಸೆಕೆಂಡ್. ಒಂದು ಊಟಕ್ಕೆ 40 ತುತ್ತು. ಒಟ್ಟು 1,280 ಸೆಕೆಂಡ್, ಅಂದರೆ 21 ನಿಮಿಷ ಚಿಲ್ಲರೆ. ಉಳಿದ ಎಂಟು ಚಿಲ್ಲರೆ ನಿಮಿಷದಲ್ಲಿ ಮಷೀನ್ ನಿಲ್ಲಿಸಿ, ಕೈಯ ಗ್ರೀಸ್ ತೊಳೆದು, ಕ್ಯೂ ನಿಂತು, ಶೌಚಕ್ಕೆ ಹೋಗಿ (ಅಲ್ಲೂ ಕ್ಯೂ), ಮತ್ತೆ ಲೈನಿಗೆ ಬಂದು ನಿಲ್ಲಬೇಕು. ನುಂಗೋದು ಯಾವಾಗ ಅಂತ ಪೋಸ್ಟರ್ ಹೇಳೋದಿಲ್ಲ. ಓವರ್‌ಟೈಮಿನಲ್ಲಿ ನುಂಗಬೇಕೇನೋ.

ಬಡವರ ದವಡೆ ಮೇಲೆ ದೊಡ್ಡವರಿಗೆ ಈ ಆಸಕ್ತಿ ಹೊಸದಲ್ಲ. ಮುಂದೆ ಕೌಂಟ್ ರಮ್‌ಫರ್ಡ್ ಅನ್ನಿಸಿಕೊಂಡ ವಿಜ್ಞಾನಿಯೊಬ್ಬ 1790ರಲ್ಲಿ ಮ್ಯೂನಿಕ್‌ನ ಭಿಕ್ಷುಕರನ್ನು ಹಿಡಿಸಿ, ಸೈನ್ಯಕ್ಕೆ ಬಟ್ಟೆ ತಯಾರಿಸುವ ಕೆಲಸಕ್ಕೆ ಹಚ್ಚಿದ. ಅವರ ಹೊಟ್ಟೆಗೆ ಅಗ್ಗದ ಸೂಪೂ ಸಿದ್ಧವಾಯಿತು. ಬಾರ್ಲಿ, ಬಟಾಣಿ, ಬೇಕಾದಷ್ಟು ನೀರು. ನೀರಿಗೇ ಪೋಷಣೆಯ ಶಕ್ತಿ ಇದೆ ಅಂತ ನಂಬಿದ್ದ ಪುಣ್ಯಾತ್ಮ! ಮೇಲೆ ಒಣ ಬ್ರೆಡ್ ಚೂರು. ಗಟ್ಟಿ ಇದ್ದರೆ ಜಾಸ್ತಿ ಹೊತ್ತು ಅಗಿಯಬೇಕು, ಜಾಸ್ತಿ ಹೊತ್ತು ಅಗಿದರೆ ತಿನ್ನುವ ಸುಖವೂ ಜಾಸ್ತಿ ಹೊತ್ತು ಅನ್ನೋದು ಅವನ ತರ್ಕ. ಇರಲಿ, ಅಗಿಯೋದಕ್ಕೆ ಏನಾದರೂ ಕೊಟ್ಟನಲ್ಲ.

ನಮ್ಮ ಕಾರ್ಖಾನೆಯವರು ಉಪನ್ಯಾಸ ಕೊಟ್ಟರು.

ಬಂದಿದ್ದ ಆಹಾರ ತಜ್ಞರು ‘ರಾತ್ರಿ ಎಂಟರ ಮೇಲೆ ಏನೂ ತಿನ್ನಬೇಡಿ’ ಎಂದರು. ಎದುರಿಗೆ ಕೂತವರಲ್ಲಿ ಅರ್ಧ ಜನಕ್ಕೆ ಮುಂದಿನ ವಾರ ರಾತ್ರಿ ಪಾಳಿ, ಹತ್ತರಿಂದ ಬೆಳಗ್ಗೆ ಆರರವರೆಗೆ. ‘ದಿನಕ್ಕೆ 400 ಗ್ರಾಂ ಹಣ್ಣು, ತರಕಾರಿ’ ಎಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದನ್ನೇ, ತಪ್ಪಿಲ್ಲ. ಆದರೆ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ನಿದ್ದೆಯ ಹೊತ್ತು ಏರುಪೇರು ಮಾಡುವ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವ ಇರುವವುಗಳ ಪಟ್ಟಿಗೆ ಸೇರಿಸಿತ್ತು. ಆ ಸ್ಲೈಡ್ ಬರಲಿಲ್ಲ. ಟೈಮ್ ಸಾಲಲಿಲ್ಲವಂತೆ.

‘ಊಟಕ್ಕೆ ಸ್ವಲ್ಪ ಜಾಸ್ತಿ ಖರ್ಚು ಮಾಡೋದು ಕಲೀರಿ’ ಎಂದೂ ಹೇಳಿದರು. 1857ರಲ್ಲೇ ಎರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ಅಂಕಿಅಂಶ ತಜ್ಞ ಬೆಲ್ಜಿಯಂನ ಕಾರ್ಮಿಕರ ಮನೆಖರ್ಚು ನೋಡಿ ಹೇಳಿದ್ದ: ಸಂಪಾದನೆ ಕಡಿಮೆ ಆದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ. ಹಾಗೆ ನೋಡಿದರೆ, ಆ ಹಾಲ್‌ನಲ್ಲಿ ಊಟಕ್ಕೆ ಖರ್ಚು ಮಾಡೋದರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವರು ಮೈಕ್ ಹಿಡಿದವರೇ.

‘ಟೀಗೆ ಸಕ್ಕರೆ ಬಿಡಿ’ ಎಂದಾಗ ಮಾತ್ರ ಗುಜುಗುಜು ಎದ್ದಿತು. ಕಾರ್ಮಿಕರಿಗಿಂತ ಮೊದಲು ಗಾಬರಿ ಆಗಿದ್ದು ಸೂಪರ್‌ವೈಸರ್ ಸಾಹೇಬರಿಗೆ. ಮಧ್ಯಾಹ್ನ ಮೂರರ ಮೇಲೆ ಟಾರ್ಗೆಟ್ ಮುಟ್ಟಿಸೋದು ಆ ಸಕ್ಕರೆ ಅಂತ ಅವರಿಗೆ ಗೊತ್ತು.

ಅಂದ ಹಾಗೆ, ಉಪನ್ಯಾಸ ಇಟ್ಟಿದ್ದು ಊಟದ ವಿರಾಮದಲ್ಲಿ. ಕೆಲಸ ಕೆಡಬಾರದಲ್ವಾ? ಕೊನೆಗೆ ಎಲ್ಲರ ಕೈಗೂ ಒಂದು ಫಾರಂ ಬಂತು. ‘ಈ ಕಾರ್ಯಕ್ರಮದಿಂದ ನಿಮ್ಮ ಊಟದಲ್ಲಿ ಏನು ಬದಲಾವಣೆ ಆಗಿದೆ?’ ಲೈನಿಗೆ ಓಡುತ್ತಾ ಒಬ್ಬಾಕೆ ಗೀಚಿದಳು: ‘ಇವತ್ತು ಊಟ ಆಗಿಲ್ಲ.’

ಸಂಜೆಯ ವರದಿಯಲ್ಲಿ ಅದನ್ನೂ ಸೇರಿಸಿದ್ದಾರೆ. ‘ಆಹಾರ ಮಿತಿ ಈಗಾಗಲೇ ಪಾಲಿಸುತ್ತಿರುವವರು: 1.’