ಅಪ್ಪಯ್ಯನ ಕಲ್ಲು, ಊರಿನವರ ಬಾಳೆದಿಂಡು

ಇವತ್ತು ಶಿರಸಿ ಹತ್ತಿರದ ಉಪನಯನವೊಂದರಲ್ಲಿ ಹೋಳಿಗೆ ಬಡಿಸುವ ಮೊದಲೇ ನಾಲ್ಕು ಜನ ಅಪ್ಪಯ್ಯನ ಮೂತ್ರಪಿಂಡದ ಕಲ್ಲಿಗೆ ಔಷಧಿ ಬಡಿಸಿದರು. "ಭಾವ, ಬಾಳೆದಿಂಡಿನ ರಸ, ಖಾಲಿ ಹೊಟ್ಟೆಗೆ." "ಕಾಡುಬಸಳೆ ಎಲೆ, ಎರಡೇ ಎರಡು, ಅಗಿದು ನುಂಗಿ." "ಹುರುಳಿ ಬೇಯಿಸಿದ ಕಟ್ಟು." ನಾಲ್ಕನೆಯವರು ಪಂಕ್ತಿಯಲ್ಲಿ ಕುಳಿತೇ ಧ್ವನಿ ತಗ್ಗಿಸಿ ಬಿಯರ್ ಎಂದರು. ಮಡಿ ಉಟ್ಟುಕೊಂಡು! ಅಪ್ಪಯ್ಯನ ಕಲ್ಲಿಗೆ ಮೂಲವೇ ಯೂರಿಕ್ ಆಮ್ಲ, ಬಿಯರ್ ಅದನ್ನು ಏರಿಸುತ್ತದೆ ಎಂದೆ. ಅವರು ಪಾಯಸದ ಕಡೆ ತಿರುಗಿದರು.

ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಅಪ್ಪಯ್ಯನಿಗಿರುವುದು ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಕಲ್ಲು ಅದರ ಬಾಲ. ಎಷ್ಟು ಸಲ ಹೇಳಿದರೂ ಜನರಿಗೆ ಕೇಳಿಸುವುದು ಕಲ್ಲು ಮಾತ್ರ. ಕ್ಯಾನ್ಸರ್ ಎಂದೊಡನೆ ಮುಖ ಆಚೆ ತಿರುಗುತ್ತದೆ, ಕಲ್ಲು ಎಂದೊಡನೆ ಬಾಯಿ ತೆರೆದುಕೊಳ್ಳುತ್ತದೆ.

ಪಂಕ್ತಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ಲೆಕ್ಕ ತಪ್ಪಿ ಹೆಚ್ಚುತ್ತವೆ, ರಾಶಿ ರಾಶಿಯಾಗಿ ಸಾಯುತ್ತವೆ. ಸತ್ತ ಕಣದೊಳಗಿನ ಪ್ಯೂರಿನ್ ಎಂಬ ರಾಸಾಯನಿಕ ಒಡೆದು ಯೂರಿಕ್ ಆಮ್ಲವಾಗುತ್ತದೆ. ಮೂತ್ರ ಹುಳಿಯಾಗಿದ್ದರೆ ಅದು ಕರಗದೆ ಕಲ್ಲುಗಟ್ಟುತ್ತದೆ. ಈ ಜಾತಿಯ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ. ಅದಕ್ಕೇ ಮೊದಲು ಹೋದ ಕಡೆ ಫಿಲ್ಮ್ ನೋಡಿ ಗ್ಯಾಸ್ ಎಂದು ಕಳಿಸಿದರು. ನಾನೂ ನಂಬಿದೆ. ರಾತ್ರಿ ಅಪ್ಪಯ್ಯ ಪಕ್ಕೆ ಹಿಡಿದುಕೊಂಡು ಹೊರಳಾಡಿದಾಗ ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ ನುಂಗಿಸಿದವನು ನಾನೇ. ಅಂಥ ಮಾತ್ರೆ ಮೂತ್ರಪಿಂಡಕ್ಕೇ ಏಟು ಎಂದು ಆಮೇಲೆ ಬೈಸಿಕೊಂಡೆ.

ಇನ್ನೂ ನಾಚಿಕೆಯ ಮಾತು ಬೇರೆ ಇದೆ. ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಂಡಾಗ ನನಗೆ ಸಂತೋಷವಾಗಿತ್ತು. ಆಯಿಗೆ ಫೋನ್ ಮಾಡಿ "ಬರೀ ಕಲ್ಲಂತೆ" ಎಂದಿದ್ದೆ. ಸಂಜೆ ರಕ್ತಪರೀಕ್ಷೆಯ ವರದಿ ಬಂತು. ಮರುದಿನ ದೇವಿಮನೆ ಘಟ್ಟ ಇಳಿದು, ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಮಣಿಪಾಲ. 2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಇದೇ ಫೇಸ್‌ಬುಕ್ ಗೋಡೆಯ ಮೇಲೆ ಕೂಗಿದ್ದೆ. ಆ ದಾರಿಯ ಉದ್ದ ಗೊತ್ತಾದದ್ದು ಮಾತ್ರ ಅಂದು, ಹಿಂದಿನ ಸೀಟಿನಲ್ಲಿ ಅಪ್ಪಯ್ಯನ ನರಳಾಟ ಕೇಳುತ್ತಾ.

"ನನ್ನ ಕಲ್ಲು ಬಾಳೆದಿಂಡಿನಲ್ಲೇ ಹೋಯಿತಲ್ಲ" ಎನ್ನುತ್ತೀರಿ. ಹೋಗಿರಬಹುದು. ನಾಲ್ಕೈದು ಮಿಲಿಮೀಟರಿನ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಇಳಿದುಹೋಗುತ್ತವೆ, ಕೀರ್ತಿ ದಿಂಡಿಗೆ. ಆದರೆ ದಿಂಡಿನಲ್ಲಿ ಪೊಟ್ಯಾಸಿಯಂ ಇದೆ. ಚಿಕಿತ್ಸೆ ಶುರುವಾಗಿ ಕ್ಯಾನ್ಸರ್ ಕಣಗಳು ಒಟ್ಟಿಗೇ ಒಡೆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಮೂತ್ರಪಿಂಡವೂ ಸೋತರೆ ಅದು ಹೊರಗೆ ಹೋಗುವುದಿಲ್ಲ, ಹೃದಯದ ಬಡಿತವೇ ತಪ್ಪಬಹುದು. "ಡಾಕ್ಟರು ಕಲ್ಲು ಕರಗಿಸಲು ಕೊಡುವ ಸಿಟ್ರೇಟ್ ಸಿರಪ್ಪಿನಲ್ಲೂ ಪೊಟ್ಯಾಸಿಯಂ ಇಲ್ಲವೇ?" ಎಂದು ಬಿ.ಎಸ್ಸಿ. ಓದಿದ ಚಿಕ್ಕಪ್ಪನ ಮಗ ಕೇಳಿದ. ಇದೆಯಪ್ಪ. ಅದನ್ನು ರಕ್ತ ನೋಡಿ, ಮಿಲಿಲೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಬೇಡವಾದಾಗ ನಿಲ್ಲಿಸುತ್ತಾರೆ. ನಿನ್ನದು ಲೋಟದ ಲೆಕ್ಕ.

ಅಪ್ಪಯ್ಯನಿಗೆ ಮೊದಲ ದಿನದಿಂದ ಕೊಟ್ಟ ಅಲೋಪ್ಯೂರಿನಾಲ್ ಮಾತ್ರೆಗೆ ಒಂದು ಕಥೆಯಿದೆ. 1988ರ ವೈದ್ಯಕೀಯ ನೊಬೆಲ್ ಹಂಚಿಕೊಂಡ ವಿಜ್ಞಾನಿಗಳಾದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅದನ್ನು ಪ್ರಯೋಗಿಸಿದ್ದು ಲ್ಯುಕೇಮಿಯಾದ ಇನ್ನೊಂದು ಔಷಧ ದೇಹದಲ್ಲಿ ಬೇಗ ನಾಶವಾಗದಿರಲಿ ಎಂದು. ಯೂರಿಕ್ ಆಮ್ಲವನ್ನು ತಗ್ಗಿಸುತ್ತದೆ ಎಂಬುದು ಕಂಡ ಮೇಲೆ ಅದೇ ಅದರ ದೊಡ್ಡ ಕೆಲಸವಾಯಿತು. ಇದನ್ನು ಹೇಳಲು ಹೊರಟೆ. "ಇಂಗ್ಲಿಷ್ ಔಷಧಿ ಉಷ್ಣ" ಎಂದು ಯಾರೋ ಮಜ್ಜಿಗೆ ಕೇಳಿದರು.

ಅಪ್ಪಯ್ಯ ಮಾತ್ರ ಎಲ್ಲರಿಗೂ ಹೂಂ ಎಂದರು. ದಾಕ್ಷಿಣ್ಯಕ್ಕೆ ಕಟ್ಟಿಸಿಕೊಂಡು ಬಂದ ಎರಡು ಮಾರು ದಿಂಡು ಈಗ ಕಾರಿನ ಡಿಕ್ಕಿಯಲ್ಲಿದೆ. ಬೆಳಿಗ್ಗೆ ಕೊಟ್ಟಿಗೆಯ ಗೌರಿಗೆ ಹಾಕುತ್ತೇನೆ. ಅವಳ ಮೂತ್ರಪಿಂಡ ಚೆನ್ನಾಗಿದೆ.