ಸತ್ಯಾಂಶ: ‘ಗೋಲ್ಡ್’ ಪದಕ್ಕೆ ಎಸ್ ಸೇರುವುದೇ ಇಲ್ವಾ?

ಕೋಲಾರದ ನಮ್ಮ ಪೋಷಕರ ವಾಟ್ಸಾಪ್ ಗುಂಪಿಗೆ ಇಂಗ್ಲಿಷ್ ವ್ಯಾಕರಣದ ಬಗ್ಗೆ ಒಂದು ಫಾರ್ವರ್ಡ್ ಬಂದಿದೆ: ‘ಎಣಿಸಲು ಬರುವ ವಸ್ತುವಿನ ಹೆಸರು ಕೌಂಟಬಲ್, ಬಾರದ್ದು ಅನ್‌ಕೌಂಟಬಲ್. ಒಂದು ಪದಕ್ಕೆ ಒಂದೇ ಗುಂಪು.’ ಇದು ಸರಿಯಲ್ಲ.

ಮನೆಯ ಕುರ್ಚಿ, ಮೇಜು, ಮಂಚ ಎಲ್ಲವನ್ನೂ ಎಣಿಸಬಹುದು ಅಲ್ವಾ? ಆದರೂ ‘ಫರ್ನಿಚರ್ಸ್’ ತಪ್ಪು. ನೋಟು ಎಣಿಸುತ್ತೇವೆ, ‘ಟೂ ಮನಿ’ ಅನ್ನುವುದಿಲ್ಲ. ಇಲ್ಲಿ ನೋಡಬೇಕಾದದ್ದು ವಸ್ತುವನ್ನಲ್ಲ, ಪದದ ಬಳಕೆಯನ್ನು.

ಬಳಕೆ ಬದಲಾದರೆ ಗುಂಪೂ ಬದಲಾಗುತ್ತದೆ. ನಮ್ಮ ಜಿಲ್ಲೆಯ ಚಿನ್ನವನ್ನೇ ನೋಡಿ. 2001ರಲ್ಲಿ ಗಣಿ ಮುಚ್ಚುವವರೆಗೂ ಕೆಜಿಎಫ್‌ನಲ್ಲಿ ತೆಗೆದದ್ದು ಎಷ್ಟೇ ಜಾಸ್ತಿ ಇದ್ದರೂ ಬರೀ ‘ಗೋಲ್ಡ್’. ಶಾಲೆಯಲ್ಲಿ ನಾವು ಕಲಿತ ಮೆಟೀರಿಯಲ್ ನೌನ್, ಅಂದ್ರೆ ಪದಾರ್ಥದ ಹೆಸರು, ಇದೇ. ಆದರೆ ಓಟಗಾರ್ತಿಯೊಬ್ಬಳು ಎರಡು ಚಿನ್ನದ ಪದಕ ಗೆದ್ದರೆ ‘ಟೂ ಗೋಲ್ಡ್ಸ್’ ಅಂತ ಬರೆಯುತ್ತಾರೆ. ಹೋಟೆಲಿನಲ್ಲಿ ‘ಟೂ ಕಾಫೀಸ್’ ಕೂಡ ಒಳ್ಳೆಯ ಇಂಗ್ಲಿಷೇ. ತಲೆತುಂಬ ಇರುವ ‘ಹೇರ್’ ಅನ್‌ಕೌಂಟಬಲ್, ಸಾರಿನಲ್ಲಿ ಒಂದೇ ಒಂದು ಸಿಕ್ಕರೆ ‘ಎ ಹೇರ್’.

ಹಾಗಾಗಿ ಮಕ್ಕಳಿಗೆ ಸುಮ್ನೆ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ‘ಮಚ್’ (ಅನ್‌ಕೌಂಟಬಲ್) ಸೇರುತ್ತದಾ, ‘ಮೆನಿ’ (ಕೌಂಟಬಲ್) ಸೇರುತ್ತದಾ ಅಂತ ವಾಕ್ಯದೊಳಗೇ ನೋಡಲಿ. ‘ರೈಸ್’ಗೆ ಮಚ್, ‘ಬೀನ್ಸ್’ಗೆ ಮೆನಿ. ಅಡುಗೆಮನೆಯಲ್ಲಿ ಎರಡೂ ಕಾಳೇ.