ಹಿತ್ತಲ ಮಣ್ಣಿನ ಮದ್ದು

ಮೊದಲ ಮಳೆಗೆ ಮೂಗಿಗೆ ಅಡರುವ ಘಮ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಎಂಬ ವಸ್ತುವಿನದು. ಅದನ್ನು ತಯಾರಿಸುವುದು ಮಣ್ಣಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್‌ನಂಥ ಆಂಟಿಬಯೋಟಿಕ್‌ಗಳೂ, ಅಂದರೆ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಔಷಧಗಳೂ, ಇದೇ ಕುಲದ ಕೊಡುಗೆ.

ಕಾಲೇಜಿನ ಲ್ಯಾಬಿನಲ್ಲಿ ಒಮ್ಮೆ ಇವನ್ನು ಕಣ್ಣಾರೆ ನೋಡಿದ್ದೆ. ಗಾಜಿನ ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿದಂಥ ಚುಕ್ಕೆಗಳು. ಒಂದು ಚುಕ್ಕೆಯ ಸುತ್ತ ಮಾತ್ರ ತಿಳಿಯಾದ ಉಂಗುರ, ಆ ಚುಕ್ಕೆ ಒಸರಿದ ಮದ್ದಿನಿಂದಾಗಿ ಅಲ್ಲಿ ಬೇರೆ ಯಾವ ಬ್ಯಾಕ್ಟೀರಿಯಾವೂ ಕಾಲಿಟ್ಟಿರಲಿಲ್ಲ. ಆ ಖಾಲಿ ಜಾಗ ನೋಡಿ ಮೈ ಜುಮ್ಮೆಂದಿತ್ತು.

ಇಂಥದೇ ಉಂಗುರಗಳನ್ನು ಹುಡುಕುತ್ತ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 23 ವರ್ಷದ ಆಲ್ಬರ್ಟ್ ಶಾಟ್ಜ್ ನೆಲಮಾಳಿಗೆಯಲ್ಲಿ ಕೂತಿದ್ದ. ಪೆನಿಸಿಲಿನ್‌ಗೆ ಬಗ್ಗದ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಹಾಗೆ. 1952ರ ನೊಬೆಲ್ ಮಾತ್ರ ಅವನ ಗುರು ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಆಮೇಲಾಮೇಲೆ ಹುಡುಕಿದಲ್ಲೆಲ್ಲ ಹಳೆಯ ಔಷಧಗಳೇ ಸಿಗತೊಡಗಿ, ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಮಣ್ಣೇನೂ ಬರಿದಾಗಿರಲಿಲ್ಲ. ಅದರೊಳಗಿನ ಬಹುಪಾಲು ಬ್ಯಾಕ್ಟೀರಿಯಾಗಳು ಲ್ಯಾಬಿನ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ, ಬೆಳೆದರೂ ತೀರಾ ನಿಧಾನ. ನಮಗೆ ಕಾಯುವ ವ್ಯವಧಾನ ಇರಲಿಲ್ಲ, ಅಷ್ಟೆ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕಾದರು. ಹ್ಯಾಮಿಲ್ಟನ್‌ನ ಒಂದು ಹಿತ್ತಲಿನಿಂದ ಮಣ್ಣು ತಂದು, ನಿಧಾನದವೂ ತಲೆಯೆತ್ತಲಿ ಎಂದು ಸುಮಾರು ಒಂದು ವರ್ಷ ಬೆಳೆಯಲು ಬಿಟ್ಟರು. ಅದರಲ್ಲಿ ಸಿಕ್ಕ ಲಾರಿಯೊಸಿಡಿನ್ ಎಂಬ ಹೊಸ ಆಂಟಿಬಯೋಟಿಕ್ ಬಗ್ಗೆ 2025ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ಯಂತ್ರಕ್ಕೇ ಅದು ಅಡ್ಡಗಾಲು ಹಾಕುತ್ತದೆ, ಅದೂ ಹಳೆಯ ಔಷಧಗಳು ಹಿಡಿಯದ ಜಾಗದಲ್ಲಿ. ಹಿತ್ತಲ ಗಿಡ ಮದ್ದಲ್ಲ ಅಂತೀವಿ. ಇಲ್ಲಿ ಹಿತ್ತಲ ಮಣ್ಣೇ ಮದ್ದು!

ಆದರೆ ಸಿಕ್ಕರೆ ಸಾಕೇ? ಪ್ಲಾಜೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾವೇ. ಅಚಾವೊಜೆನ್ ಕಂಪನಿ ಅದಕ್ಕೆ 2018ರಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು, 2019ರಲ್ಲಿ ದಿವಾಳಿಯಾಯಿತು. ಹೊಸ ಆಂಟಿಬಯೋಟಿಕ್ ಅನ್ನು ವೈದ್ಯರು ಕೊನೆಯ ಅಸ್ತ್ರವಾಗಿ ಎತ್ತಿಡುತ್ತಾರೆ, ಇಡಲೇಬೇಕು. ಎತ್ತಿಟ್ಟದ್ದು ಮಾರಾಟವಾಗುವುದಾದರೂ ಹೇಗೆ? ಅದೇ 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು. ಇಷ್ಟು ಬೇಕಾದ ವಸ್ತು ಮಾಡಿದವರು ಮುಳುಗುತ್ತಾರೆ ಎಂದರೆ ತಪ್ಪಿರುವುದು ನಮ್ಮ ಲೆಕ್ಕದಲ್ಲಿ. ಮಾತ್ರೆ ಎಣಿಸಿ ದುಡ್ಡು ಕೊಡುವುದನ್ನು ಸರ್ಕಾರಗಳು ಈ ಒಂದು ವಿಷಯದಲ್ಲಾದರೂ ಬಿಡಬೇಕು. ಬ್ರಿಟನ್ 2022ರಲ್ಲಿ ಎರಡು ಆಂಟಿಬಯೋಟಿಕ್‌ಗಳಿಗೆ ಇದನ್ನೇ ಶುರುಮಾಡಿತು: ಎಷ್ಟೇ ಬಳಸಲಿ, ವರ್ಷಕ್ಕೆ ಇಂತಿಷ್ಟು ಎಂದು ಕೊಡುವುದು.

ಲಾರಿಯೊಸಿಡಿನ್ ಇಲಿಗಳಲ್ಲಿ ಕೆಲಸ ಮಾಡಿದೆ. ಮನುಷ್ಯರವರೆಗಿನ ದಾರಿ ಇನ್ನೂ ಉದ್ದವಿದೆ. ಒಂದು ಹಿಡಿ ಮಣ್ಣಿಗಾಗಿ ವರ್ಷವಿಡೀ ಕಾದವರು ಆ ದಾರಿಯಲ್ಲಿ ದುಡ್ಡಿಲ್ಲದೆ ನಿಲ್ಲುವಂತಾಗಬಾರದು.